ಅವ್ವನ ಜೊತೆ ಊಟ ಮಾಡುವ ಹಾಗಿಲ್ಲ

ಕ್ರೈಸ್ತ ಸಭೆಯಿಂದ ಹೊರಗಿಡುವುದು ಅಂದರೆ ನಿಜವಾಗಿ ಏನು ಮಾಡುತ್ತಾರೆ ಅಂತ ಶಾಲೆಯ ಗೆಳತಿಯರು ಕೇಳುತ್ತಾರೆ. ಯಾರೂ ಬೈಯುವುದಿಲ್ಲ, ಹೊಡೆಯುವುದಿಲ್ಲ, ಮನೆ ಮೇಲೆ ಕಲ್ಲು ತೂರುವುದಿಲ್ಲ. ನಮ್ಮ ಜೊತೆ ಕೂತು ಉಣ್ಣುವುದನ್ನು ನಿಲ್ಲಿಸುತ್ತಾರೆ. ಮೊದಲು ಸಭೆಯವರು, ಆಮೇಲೆ ನೆಂಟರು, ಕೊನೆಗೆ ಹೆತ್ತ ತಾಯಿ. ತೀರ್ಪು ಕೊಡುವವರು ಹಿರಿಯರು. ಅದನ್ನು ಜಾರಿ ಮಾಡಬೇಕಾದವರು ಮಾತ್ರ ನಮ್ಮನ್ನು ಪ್ರೀತಿಸುವ ಜನ. ಇದೆಲ್ಲದರಲ್ಲಿ ನನಗೆ ತಡೆಯಲಾಗದ್ದು ಇದೊಂದೇ. ಅದಕ್ಕೇ ಬರೆಯುತ್ತಿದ್ದೇನೆ.

ಸಭೆಯ ಹೆಸರು ಬರೆಯುವುದಿಲ್ಲ. ಅವ್ವ, ತಮ್ಮ ಇಬ್ಬರೂ ಈಗಲೂ ಅಲ್ಲೇ ಇದ್ದಾರೆ. ಅವರಿಗೆ ತೊಂದರೆ ಆಗುವುದು ಬೇಡ. ಗದಗ-ಬೆಟಗೇರಿ ಕಡೆಯ ಒಂದು ಸಣ್ಣ, ಕಟ್ಟುನಿಟ್ಟಿನ ಕ್ರೈಸ್ತ ಸಭೆ ಅಂದರೆ ಸಾಕು. ಅಲ್ಲಿ ಪಾದ್ರಿ ಇಲ್ಲ, ಹಿರಿಯರಿದ್ದಾರೆ. ಕ್ರಿಸ್‌ಮಸ್ ಮಾಡುವುದಿಲ್ಲ. ಹೆಂಗಸರು ತಲೆ ಮೇಲೆ ಸೆರಗು ಹೊದ್ದು ಕೂರಬೇಕು. ಬಳೆ, ಓಲೆ, ಸಿನಿಮಾ ಯಾವುದೂ ಇಲ್ಲ. ಸಭೆ ನಡೆಯುವಾಗ ಹೆಂಗಸರು ಬಾಯಿ ತೆಗೆಯುವ ಹಾಗಿಲ್ಲ, ಹಾಡಿಗೆ ಬಿಟ್ಟು. ಭಾನುವಾರ ಬೆಳಿಗ್ಗೆ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ ಮುರಿಯುವುದು, ಸಂಜೆ ಸುವಾರ್ತೆ, ವಾರದ ಮಧ್ಯೆ ಮನೆಪ್ರಾರ್ಥನೆ.

ಅಲ್ಲಿ ಒಳ್ಳೆಯದೂ ಇತ್ತು, ಬೇಕಾದಷ್ಟು ಇತ್ತು. ಅಪ್ಪ ಹಾಸಿಗೆ ಹಿಡಿದಾಗ ನಮ್ಮ ಮನೆಯ ಒಲೆ ಹೊತ್ತಿಸುವ ಪ್ರಮೇಯವೇ ಬರಲಿಲ್ಲ. ದಿನಾ ಯಾರಾದರೂ ರೊಟ್ಟಿ, ಪಲ್ಯ ಕಟ್ಟಿಕೊಂಡು ಬರುತ್ತಿದ್ದರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ರಾತ್ರಿ ಅಪ್ಪನ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ್ದ ಸಹೋದರನೇ ಮುಂದೆ ನನ್ನ ವಿಚಾರಣೆಗೆ ಕೂತ ಹಿರಿಯರಲ್ಲಿ ಒಬ್ಬರು. ಅವರನ್ನು ಕೆಟ್ಟವರು ಅಂತ ನಾನು ಯಾವತ್ತೂ ಹೇಳಲಾರೆ.

ನನ್ನ ಪ್ರಶ್ನೆ ಹುಟ್ಟಿದ್ದು ಆಯಿಯಿಂದ, ಅಂದರೆ ಅವ್ವನ ತಾಯಿಯಿಂದ. ಆಯಿ ಸವದತ್ತಿ ಯಲ್ಲಮ್ಮನ ಭಕ್ತೆ. ಬನದ ಹುಣ್ಣಿಮೆಗೆ ಗುಡ್ಡಕ್ಕೆ ಹೋಗಿ ಬಂದರೆ ಅವಳಿಗೆ ವರ್ಷವಿಡೀ ಸಮಾಧಾನ. ಅವ್ವ ಮದುವೆಗೆ ಮುಂಚೆ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತಳಾದಳು, ಆಯಿ ಕೊನೆವರೆಗೂ ತೆಗೆದುಕೊಳ್ಳಲಿಲ್ಲ. ಆದರೂ ಅಳಿಯನ ಮನೆಗೆ ಬಂದಾಗ ನಮ್ಮ ಊಟದ ಪ್ರಾರ್ಥನೆಗೆ ಕಣ್ಣು ಮುಚ್ಚಿ ಕೂರುತ್ತಿದ್ದಳು. "ಯಾವ ದೇವರಿಗಾದ್ರೂ ಉಣ್ಣೋ ಮುಂದ ನೆನಸೋದು ಛಲೋನ ಅಲ್ಲೇನು" ಅನ್ನುತ್ತಿದ್ದಳು. ಆಯಿ ತೀರಿಕೊಂಡಾಗ ಅವ್ವ ಹೆಣದ ಹತ್ತಿರ ಹೋಗಲಿಲ್ಲ. ಪೂಜೆ ನಡೆಯುತ್ತಿತ್ತು, ಹೋಗಬಾರದಿತ್ತು. ಅಂಗಳದ ಬೇವಿನ ಮರದ ಕೆಳಗೆ ನಿಂತೇ ಇದ್ದಳು. ಅದೇ ವಾರದ ಮನೆಪ್ರಾರ್ಥನೆಯಲ್ಲಿ ಒಬ್ಬ ಹಿರಿಯರು, ರಕ್ಷಣೆ ಇಲ್ಲದೆ ಸತ್ತವರಿಗೆ ಆರದ ಬೆಂಕಿ ಅಂತ ಬೋಧಿಸಿದರು. ಆಯಿಯ ಹೆಸರು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ಅವ್ವ ತಲೆ ತಗ್ಗಿಸಿ "ಆಮೆನ್" ಅಂದಳು. ಆಮೇಲೆ ಎಷ್ಟೋ ರಾತ್ರಿ ಅವಳು ಅಡುಗೆಮನೆಯಲ್ಲಿ ಒಬ್ಬಳೇ ಕೂತಿರುವುದನ್ನು ನೋಡಿದ್ದೇನೆ. ತನ್ನ ತಾಯಿ ಈ ಕ್ಷಣ ಉರಿಯುತ್ತಿದ್ದಾಳೆ ಅಂತ ನಂಬಿಕೊಂಡು ಒಬ್ಬ ಮಗಳು ಬೆಳಗಾದರೆ ಎದ್ದು ರೊಟ್ಟಿ ಬಡಿಯಬೇಕು.

ನಾನು ಅದನ್ನು ನಂಬಲಾರದೆ ಹೋದೆ. ಯೇಸುವನ್ನು ಬಿಟ್ಟೆ ಅಂತ ಅಲ್ಲ. ಈಗಲೂ ಬಿಟ್ಟಿಲ್ಲ. ಆಯಿಯನ್ನು ದೇವರು ಸುಡುತ್ತಿದ್ದಾನೆ ಅನ್ನುವುದನ್ನು ಮಾತ್ರ ನಂಬಲು ಆಗಲಿಲ್ಲ. ವರ್ಷಗಟ್ಟಲೆ ಯಾರಿಗೂ ಹೇಳಲಿಲ್ಲ. ಸಭೆಯಲ್ಲಿ ನನ್ನ ಹಾಗೆ ಇನ್ನೂ ಕೆಲವರಿದ್ದಾರೆ ಅಂತ ನನಗೆ ಗೊತ್ತು. ಹೊರಗಿನಿಂದ ಮದುವೆಯಾಗಿ ಬಂದ ಹೆಂಗಸರಲ್ಲಂತೂ ಜಾಸ್ತಿ. ಒಳಗೆ ಇಟ್ಟುಕೊಂಡಷ್ಟು ದಿನ ಏನೂ ಆಗುವುದಿಲ್ಲ.

ನಾನು ಭಾನುವಾರ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಒಂದು ದಿನ ಒಬ್ಬ ಹುಡುಗಿ ಕೇಳಿದಳು: "ಟೀಚರ್, ನಮ್ಮ ಅಜ್ಜಿ ಹೋದವಾರ ಸತ್ತಳು. ದೀಕ್ಷಾಸ್ನಾನ ತಗೊಂಡಿರಲಿಲ್ಲ. ಬೆಂಕಿಯಲ್ಲಿ ಇದ್ದಾಳಾ?" ಆ ಮಗುವಿನ ಮುಖ ನೋಡಿಕೊಂಡು ಹೌದು ಅನ್ನಲು ನನ್ನಿಂದ ಆಗಲಿಲ್ಲ. "ದೇವರು ನಿಮ್ಮ ಅಜ್ಜಿಯನ್ನು ನಿನಗಿಂತ ಜಾಸ್ತಿ ಪ್ರೀತಿಸುತ್ತಾನೆ. ಅವನು ಹಾಗೆ ಮಾಡುತ್ತಾನೆ ಅಂತ ನಾನು ನಂಬುವುದಿಲ್ಲ" ಅಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಮಗು ಮನೆಗೆ ಹೋಗಿ ಖುಷಿಯಿಂದ ಹೇಳಿದೆ. ಮನೆಯವರು ಹಿರಿಯರಿಗೆ ಹೇಳಿದ್ದಾರೆ.

ಅಲ್ಲಿಂದ ಕ್ರಮ ಶುರುವಾಯಿತು. ಬೈಬಲಿನ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಅದರ ಮೆಟ್ಟಿಲುಗಳಿವೆ. ಸಹೋದರ ತಪ್ಪು ಮಾಡಿದರೆ ಮೊದಲು ಒಬ್ಬರೇ ಹೋಗಿ ತಿಳಿಸಿ ಹೇಳಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಬೇಕು. ಸಭೆಯ ಮಾತೂ ಕೇಳದಿದ್ದರೆ ಅವನು ಅನ್ಯನ ಹಾಗೆ, ಸುಂಕದವನ ಹಾಗೆ. ಸುಂಕದವನು ಅಂದರೆ ಆ ಕಾಲದಲ್ಲಿ ಜನ ದೂರ ಇಡುತ್ತಿದ್ದ ತೆರಿಗೆ ವಸೂಲಿಯವನು. ನಮ್ಮ ಹಿರಿಯರು ಒಂದು ಮೆಟ್ಟಿಲನ್ನೂ ಹಾರಲಿಲ್ಲ. ಅವರ ಮಟ್ಟಿಗೆ ಇದು ಆತ್ಮವನ್ನು ಉಳಿಸುವ ಕೆಲಸ.

ಮೊದಲು ಒಬ್ಬರು ಬಂದರು. ಅಪ್ಪನ ಮಂಚದ ಕೆಳಗೆ ಮಲಗಿದ್ದವರೇ. ಚಹಾ ಕುಡಿದರು, ಮಕ್ಕಳ ಓದು ವಿಚಾರಿಸಿದರು, ಆಮೇಲೆ ದನಿ ತಗ್ಗಿಸಿ ಹೇಳಿದರು: "ತಂಗಿ, ಮನಸ್ಸಿನ್ಯಾಗ ಏನರ ಇಟ್ಕೋ. ಅದನ್ನ ದೇವರು ನೋಡ್ಕೋತಾನ. ಬಾಯಿಂದ ಹೇಳಬ್ಯಾಡ." ಕರುಣೆಯಿಂದಲೇ ಹೇಳಿದರು. ನಾನು ನಂಬಬೇಕು ಅಂತ ಅವರು ಒತ್ತಾಯ ಮಾಡಲಿಲ್ಲ, ಸುಮ್ಮನಿರಬೇಕು ಅಂತ ಮಾಡಿದರು. ಆ ಮಗು ಮತ್ತೆ ಕೇಳಿದರೆ ಏನು ಹೇಳಲಿ ಅಂತ ಕೇಳಿದೆ. ಅವರು ನೆಲ ನೋಡಿದರು. ಮುಂದಿನ ಭಾನುವಾರದಿಂದ ಪಾಠಕ್ಕೆ ಬೇರೆಯವರು ಬಂದರು.

ಈ ನಡುವೆ ನಾನು ಓದಲು ಶುರು ಮಾಡಿದೆ. ಮಕ್ಕಳು ಮಲಗಿದ ಮೇಲೆ ಮೊಬೈಲಿನಲ್ಲಿ. ನನ್ನ ಪ್ರಶ್ನೆ ಎಷ್ಟು ಹಳೆಯದು ಅಂತ ಗೊತ್ತಾದಾಗ ಎದೆ ಹಗುರವಾಯಿತು. ಮೂರನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯದ ಒರಿಜೆನ್ ಅನ್ನುವ ಕ್ರೈಸ್ತ ಪಂಡಿತ, ದೇವರು ಕೊನೆಗೆ ಎಲ್ಲರನ್ನೂ ತನ್ನ ಕಡೆ ಸೇರಿಸಿಕೊಳ್ಳುತ್ತಾನೆ ಅನ್ನುವ ಆಸೆಯಿಂದ ಬರೆದಿದ್ದ. ಸತ್ತು ಮುನ್ನೂರು ವರ್ಷವಾದ ಮೇಲೆ, 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯಲ್ಲಿ ಅವನ ಹೆಸರನ್ನು ಶಾಪಗ್ರಸ್ತರ ಪಟ್ಟಿಗೆ ಸೇರಿಸಿದರು. ನಮ್ಮ ಕಾಲದ ಜಾನ್ ಸ್ಟಾಟ್ ನಮ್ಮ ಸಭೆಯವರೂ ಗೌರವಿಸುತ್ತಿದ್ದ ಇಂಗ್ಲೆಂಡಿನ ಬೋಧಕ. ಅವರೂ 1988ರಲ್ಲಿ, ಕೊನೆಯಿಲ್ಲದ ಯಾತನೆ ಅನ್ನುವುದನ್ನು ತಮ್ಮ ಮನಸ್ಸು ಸಹಿಸುವುದಿಲ್ಲ, ದುಷ್ಟರು ಕೊನೆಗೆ ಇಲ್ಲವಾಗುತ್ತಾರೆ ಅಂತ ಓದಿಕೊಳ್ಳಲು ಬೈಬಲಿನಲ್ಲಿ ಅವಕಾಶವಿದೆ ಅಂತ ಎಚ್ಚರಿಕೆಯಿಂದ ಬರೆದಿದ್ದರು. ಅವರನ್ನು ಯಾರೂ ಹೊರಗೆ ಹಾಕಲಿಲ್ಲ. ಹಾಗಂತ ಟೀಕೆ ಕಡಿಮೆ ಇರಲಿಲ್ಲ.

ತುಂಬಾ ಹೊತ್ತು ಓದಿದ್ದು ಕಾರ್ಲ್‌ಟನ್ ಪಿಯರ್ಸನ್ ಬಗ್ಗೆ. ಅಮೆರಿಕದ ಟಲ್ಸಾದಲ್ಲಿ ಸಾವಿರಾರು ಜನ ಸೇರುತ್ತಿದ್ದ ಪೆಂಟೆಕೋಸ್ಟಲ್ ಸಭೆಯ ಬಿಷಪ್. ರುವಾಂಡದ ಕಗ್ಗೊಲೆಯಿಂದ ತಪ್ಪಿಸಿಕೊಂಡು ಓಡುತ್ತಿದ್ದ ಜನರನ್ನು, ಹಸಿದ ಮಕ್ಕಳನ್ನು ಟಿವಿಯಲ್ಲಿ ನೋಡಿದಾಗ, ಇವರು ಸತ್ತರೆ ನೇರ ನರಕಕ್ಕೆ ಅನ್ನುವ ತನ್ನದೇ ಬೋಧನೆ ಅವರ ಗಂಟಲಲ್ಲಿ ಸಿಕ್ಕಿಕೊಂಡಿತು. ನರಕ ಅಂದರೆ ಇಲ್ಲೇ ಮನುಷ್ಯರು ಮನುಷ್ಯರಿಗೆ ಮಾಡುವುದು ಅಂತ ಬೋಧಿಸಲು ಶುರು ಮಾಡಿದರು. 2004ರಲ್ಲಿ ಆಫ್ರಿಕನ್ ಅಮೆರಿಕನ್ ಪೆಂಟೆಕೋಸ್ಟಲ್ ಬಿಷಪ್‌ಗಳ ಮಂಡಳಿ ಅವರನ್ನು ಸುಳ್ಳು ಬೋಧಕ ಅಂತ ಘೋಷಿಸಿತು. ಸಭೆ ಕರಗಿತು, ಕಟ್ಟಡವೂ ಕೈಬಿಟ್ಟಿತು. 2023ರಲ್ಲಿ ತೀರಿಕೊಳ್ಳುವವರೆಗೂ ಅವರು ಮಾತು ಬದಲಿಸಲಿಲ್ಲ. ಅಷ್ಟು ದೊಡ್ಡ ಮನುಷ್ಯನಿಗೇ ಹಾಗಾದರೆ ಬೆಟಗೇರಿಯ ಶಾಲಾ ಟೀಚರ್ ಪಾಡೇನು ಅಂತ ಆ ರಾತ್ರಿ ಅನ್ನಿಸಿತು.

ಎರಡನೇ ಮೆಟ್ಟಿಲು ಸಭಾಮನೆಯ ಹಿಂದಿನ ಕೋಣೆಯಲ್ಲಿ. ಮೂವರು ಹಿರಿಯರು, ಎದುರಿಗೆ ನಾನು, ಪಕ್ಕದಲ್ಲಿ ನನ್ನ ಗಂಡ. ಅವರಿಗೇ ಮೊದಲು ಮಾತು: ಮನೆಯ ಯಜಮಾನನಾಗಿ ಹೆಂಡತಿಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬೇಕು. ನನ್ನ ಗಂಡ, "ಅವಳು ಕೇಳಿದ್ದಕ್ಕೆ ಉತ್ತರ ಕೊಡಿ" ಅಂದರು. ಅಲ್ಲಿಂದ ಮುಂದೆ ಅವರ ದಾರಿ ಏನಾಯಿತು ಅನ್ನುವುದು ಅವರ ಕಥೆ, ಅವರೇ ಬರೆಯಬೇಕು.

ಗೋಡೆ ಮೇಲೆ ವಾಕ್ಯ ಬರೆದ ಕ್ಯಾಲೆಂಡರ್ ಇತ್ತು. ಮೇಜಿನ ಮೇಲೆ ಸತ್ಯವೇದ (ಬೈಬಲ್), ಒಂದು ನೋಟ್‌ಬುಕ್, ಸ್ಟೀಲ್ ಲೋಟದಲ್ಲಿ ನೀರು. ಒಬ್ಬರು ಬರೆದುಕೊಳ್ಳುತ್ತಿದ್ದರು. ನಾನು ಏನು ಹೇಳಿದೆ ಅಂತ ಅದರಲ್ಲಿ ಬರೆದಿದ್ದಾರೋ ಅದನ್ನು ನನಗೆ ಇವತ್ತಿಗೂ ತೋರಿಸಿಲ್ಲ. ಅದರಲ್ಲಿ ತೀತನಿಗೆ ಬರೆದ ಪತ್ರಿಕೆಯ, ಅಂದರೆ ಪತ್ರದ, ಮೂರನೇ ಅಧ್ಯಾಯ ಓದಿದರು. ಭೇದ ಹುಟ್ಟಿಸುವವನನ್ನು ಒಂದೆರಡು ಸಲ ಎಚ್ಚರಿಸಿ ಬಿಟ್ಟುಬಿಡಬೇಕು ಅನ್ನುವ ಮಾತು ಅದರಲ್ಲಿದೆ. ನಾನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 5ನೇ ಅಧ್ಯಾಯ ತೆಗೆದೆ. ಜೊತೆಗೆ ಊಟ ಮಾಡಬಾರದು ಅನ್ನುವ ಮಾತು ಬರುವುದು ಅಲ್ಲೇ. ಆ ಪತ್ರಿಕೆ ಬರೆದ ಪೌಲ ಅಲ್ಲಿ ಯಾರು ಯಾರ ಹೆಸರು ಹೇಳುತ್ತಾನೆ? ವ್ಯಭಿಚಾರಿ, ದುರಾಸೆಯವನು, ವಿಗ್ರಹಾರಾಧಕ, ಬೈಗುಳದವನು, ಕುಡುಕ, ಸುಲಿಗೆ ಮಾಡುವವನು. "ಇದರಲ್ಲಿ ನಾನು ಯಾರು?" ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಯೋಹಾನನ ಎರಡನೇ ಪತ್ರಿಕೆ ತೆಗೆದರು. ಬೇರೆ ಬೋಧನೆ ತರುವವನನ್ನು ಮನೆಗೆ ಸೇರಿಸಬೇಡಿ, ಅವನಿಗೆ ವಂದನೆಯನ್ನೂ ಹೇಳಬೇಡಿ.

ಸುಂಕದವನ ವಿಷಯವನ್ನೂ ಕೇಳಿದೆ. ಆ ಮಾತು ಬರೆದ ಮತ್ತಾಯನೇ ಸುಂಕದವನು. ಯೇಸು ಅವನ ಮನೆಗೆ ಹೋಗಿ ಊಟಕ್ಕೆ ಕೂತ. ಹಾಗಾದರೆ ನನ್ನನ್ನು ಸುಂಕದವಳ ಹಾಗೆ ನೋಡಿದರೆ ನೀವು ನಮ್ಮ ಮನೆಗೆ ಊಟಕ್ಕೆ ಬರಬೇಕಲ್ವಾ? ಒಬ್ಬರ ಕಣ್ಣಲ್ಲಿ ನೀರು ಬಂತು. ಆದರೂ ತಲೆ ಅಲ್ಲಾಡಿಸಿದರು. "ತಂಗಿ, ನಿನ್ನ ಪ್ರೀತಿಗೆ ಇದನ್ನ ಮಾಡ್ತೀವಿ" ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ ಅಂತ ನನಗೆ ಗೊತ್ತು. ದೂರ ಇಟ್ಟರೆ ನಾನು ನೊಂದು ಮರಳಿ ಬರುತ್ತೇನೆ ಅನ್ನುವುದು ಅವರ ಲೆಕ್ಕ. ಈ ಲೆಕ್ಕದಲ್ಲಿ ನೋವು ಜಾಸ್ತಿ ಆದಷ್ಟೂ ಒಳ್ಳೆಯದು. ಪ್ರೀತಿಸುವವರಿಂದಲೇ ನೋವು ಜಾಸ್ತಿ ಆಗುತ್ತದೆ. ಆದ್ದರಿಂದ ಪ್ರೀತಿಸುವವರೇ ದೂರ ಇಡಬೇಕು. ಹೀಗೆ ಹೋಗಿ ಅದು ಅವ್ವನ ಹತ್ತಿರ ನಿಲ್ಲುತ್ತದೆ.

ಕೇಳಿದ್ದು ಒಂದೇ. ಭಾನುವಾರ ಶಾಲೆಯಲ್ಲಿ ಹೇಳಿದ್ದು ತಪ್ಪು ಅಂತ ಆ ಮಗುವಿನ ಮುಂದೆ ಹೇಳಬೇಕು. ನಾನು ಒಪ್ಪಲಿಲ್ಲ.

ಮುಂದಿನ ಭಾನುವಾರ ರೊಟ್ಟಿಯ ತಟ್ಟೆ ಬಂತು. ನಮ್ಮಲ್ಲಿ ತಟ್ಟೆ ಕೈಯಿಂದ ಕೈಗೆ ಸಾಗುತ್ತದೆ, ಒಬ್ಬೊಬ್ಬರೂ ಚೂರು ಮುರಿದುಕೊಂಡು ಪಕ್ಕದವರಿಗೆ ಕೊಡುತ್ತಾರೆ. ಎಡಗಡೆ ಕೂತಿದ್ದವಳು ನನ್ನ ಬಾಲ್ಯದ ಗೆಳತಿ. ಅವಳು ಎದ್ದು, ನನ್ನ ಮುಂದಿನಿಂದ ಬಗ್ಗಿ, ಬಲಗಡೆಯ ಮುದುಕಿಗೆ ತಟ್ಟೆ ಕೊಟ್ಟಳು. ಅವಳ ಸೆರಗು ನನ್ನ ಮೊಣಕಾಲಿಗೆ ತಗುಲಿತು. ಕೈ ನಡುಗುತ್ತಿತ್ತು, ರೊಟ್ಟಿಯ ಪುಡಿ ನನ್ನ ಸೀರೆ ಮೇಲೆ ಬಿತ್ತು. ಪಾನಪಾತ್ರೆಯೂ ಹಾಗೇ ದಾಟಿಹೋಯಿತು. ಕೊನೆಯ ಹಾಡಾದ ಮೇಲೆ ಪ್ರಕಟಣೆ: ಇಂಥ ಸಹೋದರಿ ಬೋಧನೆಯಲ್ಲಿ ತಪ್ಪಿದ್ದಾಳೆ, ಪಶ್ಚಾತ್ತಾಪ ಪಡುವವರೆಗೆ ಸಭೆಯ ಅನ್ಯೋನ್ಯತೆಯಿಂದ ಹೊರಗಿಡಲಾಗಿದೆ. ಏನು ಹೇಳಿದ್ದಳು ಅನ್ನುವುದನ್ನು ಹೇಳಲಿಲ್ಲ. ಆಮೇಲೆ ಊರಲ್ಲಿ ನನ್ನ ನಡತೆಯ ಬಗ್ಗೆ ಏನೇನೋ ಸುದ್ದಿ ಹರಿದಾಡಿತು. ಕಾರಣ ಹೇಳದೆ ಹೆಸರು ಓದಿದರೆ ಜನ ಕಾರಣ ತಾವೇ ಹುಡುಕಿಕೊಳ್ಳುತ್ತಾರೆ. ಹೆಂಗಸಾದರೆ ಯಾವ ಕಾರಣ ಹುಡುಕುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ವಾಟ್ಸ್‌ಆ್ಯಪ್ ಗುಂಪಿನಿಂದ ಅದೇ ಸಂಜೆ ತೆಗೆದರು. ಸಂತೆಯಲ್ಲಿ ಸಿಕ್ಕವರು ದಾರಿ ಬದಲಿಸಿದರು. ತಮ್ಮನ ಮದುವೆಯಲ್ಲಿ ನನಗೆ, ಗಂಡನಿಗೆ, ಮಕ್ಕಳಿಗೆ ಊಟ ಸ್ಟೋರ್ ರೂಮಿನಲ್ಲಿ. "ಎಲ್ಲರ ಜೊತೆ ಯಾಕಿಲ್ಲ?" ಅಂತ ಮಗ ಕೇಳಿದ. ಬಡಿಸಲು ಬಂದ ತಮ್ಮ ಅವನ ತಲೆ ಸವರಿ ಹೊರಗೆ ಹೋದ.

ಅವ್ವ ತಿಂಗಳಿಗೊಮ್ಮೆ ನಮ್ಮ ಮನೆಗೆ ಬರುತ್ತಾಳೆ. ಬರಬಾರದು ಅಂತ ಹಿರಿಯರು ಹೇಳಿಲ್ಲ. ಮಗಳ ಮನೆಗೆ ಅಗತ್ಯಕ್ಕೆ ಹೋಗಬಹುದು, ಅನ್ಯೋನ್ಯತೆ ಬೇಡ. ಆ ಗೆರೆ ಎಲ್ಲಿದೆ ಅಂತ ಅವ್ವ ತಾನೇ ಹುಡುಕಿಕೊಂಡಿದ್ದಾಳೆ. ಶೇಂಗಾ ಚಟ್ನಿ, ಸಜ್ಜೆ ರೊಟ್ಟಿ ತರುತ್ತಾಳೆ. ನನಗೆ ಬಡಿಸುತ್ತಾಳೆ. ತಾನು ಗೋಡೆಗೆ ಒರಗಿ ಕೂತು ನಾನು ತಿನ್ನುವುದನ್ನು ನೋಡುತ್ತಾಳೆ. ನೀರು ಕುಡಿಯುತ್ತಾಳೆ, ಚಹಾ ಕುಡಿಯುವುದಿಲ್ಲ. ಮಧ್ಯಾಹ್ನ ಹಸಿವಾದರೆ ಬಸ್‌ಸ್ಟ್ಯಾಂಡಿಗೆ ಹೋಗಿ ಬಾಳೆಹಣ್ಣು ತಿನ್ನುತ್ತಾಳೆ. ಅವಳಿಗೆ ಸಕ್ಕರೆ ಕಾಯಿಲೆ ಇದೆ, ಹೊತ್ತಿಗೆ ಸರಿಯಾಗಿ ತಿನ್ನಬೇಕು. ಒಂದು ಸಲ ನಮ್ಮ ಬಾಗಿಲಲ್ಲೇ ತಲೆ ತಿರುಗಿ ಕೂತುಬಿಟ್ಟಳು. ತಟ್ಟೆ ಮುಂದಿಟ್ಟೆ. ಮುಟ್ಟಲಿಲ್ಲ. ಸಕ್ಕರೆ ನೀರು ಕೊಟ್ಟೆ. ಅದನ್ನು ಔಷಧಿ ಅಂತ ಕುಡಿದಳು. ನನಗೆ ಸಿಟ್ಟು ಬರುವುದು ಇಂಥ ಹೊತ್ತಲ್ಲಿ. ಅವ್ವನ ಮೇಲೆ ಅಲ್ಲ. ಬಡಿಸುವ ಕೈಯನ್ನೇ ಶಿಕ್ಷೆಗೆ ಬಳಸಿಕೊಂಡ ಆ ನಿಯಮದ ಮೇಲೆ.

ಕಾನೂನು ಏನಾದರೂ ಇದೆಯಾ ಅಂತ ಧಾರವಾಡದ ಒಬ್ಬ ವಕೀಲರನ್ನು ಕೇಳಿದೆ. ಅವರು ಮುಚ್ಚುಮರೆ ಇಲ್ಲದೆ ಹೇಳಿದರು. ಬಾಂಬೆ ಪ್ರಾಂತ್ಯದಲ್ಲಿ 1949ರಲ್ಲಿ ಬಹಿಷ್ಕಾರ ತಡೆಯುವ ಕಾಯ್ದೆ ಬಂದಿತ್ತು. ಗದಗ, ಧಾರವಾಡ ಆಗ ಅದೇ ಪ್ರಾಂತ್ಯದಲ್ಲಿ ಇದ್ದವು. ದಾವೂದಿ ಬೋಹ್ರಾ ಸಮುದಾಯದ ಧರ್ಮಗುರು ಸೈಯದ್ನಾ ತಾಹೇರ್ ಸೈಫುದ್ದೀನ್ ಅದನ್ನು ಪ್ರಶ್ನಿಸಿದರು. 1962ರಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ನಂಬಿಕೆಯ ಕಾರಣಕ್ಕೆ ಸದಸ್ಯರನ್ನು ಹೊರಹಾಕುವುದು ಧರ್ಮದ ಒಳಗಿನ ವಿಷಯ ಅಂತ ಹೇಳಿ ಕಾಯ್ದೆಯನ್ನೇ ರದ್ದು ಮಾಡಿದರು. ಒಪ್ಪದೆ ಇದ್ದವರು ಮುಖ್ಯ ನ್ಯಾಯಮೂರ್ತಿ ಬಿ.ಪಿ. ಸಿನ್ಹಾ ಒಬ್ಬರೇ. ಹೊರಹಾಕಲ್ಪಟ್ಟವನು ತನ್ನ ಸಮುದಾಯದಲ್ಲಿ ಅಸ್ಪೃಶ್ಯನ ಹಾಗೆ ಆಗಿಬಿಡುತ್ತಾನೆ ಅನ್ನುವುದು ಅವರ ನಿಲುವು. 2023ರ ಫೆಬ್ರುವರಿಯಲ್ಲಿ ಐವರ ಸಂವಿಧಾನ ಪೀಠ ಆ ತೀರ್ಪನ್ನು ಮತ್ತೆ ನೋಡಬೇಕು ಅಂತ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಕಳಿಸಿತು. ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಬೇರೆಯೇ ಕಾಯ್ದೆ ಮಾಡಿಕೊಂಡಿದೆ. ಕೆನಡಾದ ಒಂದು ಪ್ರಕರಣವನ್ನೂ ಹೇಳಿದರು. ಅಲ್ಲಿ ಒಂದು ಸಭೆಯಿಂದ ಹೊರಗಾದ ಮನೆ-ಜಾಗದ ಏಜೆಂಟ್ ಒಬ್ಬರು ಗಿರಾಕಿಗಳನ್ನೆಲ್ಲ ಕಳೆದುಕೊಂಡು ಕೋರ್ಟಿಗೆ ಹೋದರು. 2018ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್, ಸದಸ್ಯತ್ವದ ಇಂಥ ತೀರ್ಮಾನಗಳಲ್ಲಿ ನಾವು ಕೈಹಾಕುವುದಿಲ್ಲ ಅಂದಿತು.

ನಾನು ಕೇಸು ಹಾಕಲಿಲ್ಲ. ಹಾಕಿ ಗೆದ್ದರೂ ಯಾವ ನ್ಯಾಯಾಧೀಶರು ಅವ್ವನಿಗೆ ನನ್ನ ತಟ್ಟೆಯಲ್ಲಿ ಉಣ್ಣು ಅಂತ ಆದೇಶ ಕೊಟ್ಟಾರು?

ಆದರೆ ಒಂದು ಮಾತು ತಲೆಯಲ್ಲಿ ಕೊರೆಯುತ್ತಲೇ ಇದೆ. ಕೇರಳದ ಮೂವರು ಮಕ್ಕಳ ಕಥೆಯನ್ನು ನಮ್ಮ ಹಿರಿಯರೇ ಸಭೆಯಲ್ಲಿ ಅಭಿಮಾನದಿಂದ ಹೇಳುತ್ತಿದ್ದರು. ಆ ಮಕ್ಕಳು ಯೆಹೋವನ ಸಾಕ್ಷಿಗಳು ಅನ್ನುವ ಬೇರೆ ಪಂಗಡದವರು, ನಮ್ಮ ಸಭೆಯವರಿಗೆ ಅವರೊಂದಿಗೆ ನೂರು ಭಿನ್ನಾಭಿಪ್ರಾಯ. ಆದರೂ ಹೇಳುತ್ತಿದ್ದರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ, ಮನಸ್ಸಾಕ್ಷಿ ಒಪ್ಪುತ್ತಿರಲಿಲ್ಲ. 1985ರಲ್ಲಿ ಶಾಲೆಯಿಂದ ಹೊರಹಾಕಿದರು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳಿ ಅಂತ ಹೇಳಿತು. ನಮ್ಮ ಪರಂಪರೆ, ನಮ್ಮ ತತ್ವಜ್ಞಾನ, ನಮ್ಮ ಸಂವಿಧಾನ ಮೂರೂ ಸಹನೆಯನ್ನೇ ಕಲಿಸುತ್ತವೆ, ಅದನ್ನು ತೆಳುವಾಗಿಸಬಾರದು ಅಂತ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಬರೆದರು. ದೇಶ ನಮ್ಮ ಮನಸ್ಸಾಕ್ಷಿಯನ್ನು ಕಾಯಬೇಕು ಅಂತ ಕೇಳುವವರು, ತಮ್ಮೊಳಗಿನ ಒಬ್ಬಳ ಮನಸ್ಸಾಕ್ಷಿಗೆ ಜಾಗ ಕೊಡಬೇಕಲ್ವಾ?

ಇನ್ನೊಂದು ನಮ್ಮ ಮನೆಯದೇ. ಅಪ್ಪನ ಮುತ್ತಜ್ಜ ನೇಕಾರ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂತು, 1841ರ ಹೊತ್ತಿಗೆ ಬೆಟಗೇರಿಯಲ್ಲಿ ನೆಲೆಯಾಯಿತು. ಮುತ್ತಜ್ಜ ಕ್ರೈಸ್ತರಾದಾಗ ಜಾತಿಯವರು ಬೆಂಕಿ, ನೀರು ಬಂದ್ ಮಾಡಿದರಂತೆ. ಹೆಂಡತಿಯನ್ನು ತವರಿನವರು ಎಳೆದುಕೊಂಡು ಹೋದರಂತೆ. ಆ ಕಾಲದಲ್ಲಿ ಇದು ಎಲ್ಲ ಕಡೆ ನಡೆದದ್ದೇ. ಮಂಗಳೂರಿನ ಆನಂದರಾಯ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡ ಸಾರಸ್ವತ ಬ್ರಾಹ್ಮಣ ಯುವಕ. ಅವರ ಹೆಂಡತಿ ಬಂದು ಸೇರಿಕೊಳ್ಳಲು ವರ್ಷಗಳೇ ಹಿಡಿದವು. ಜಾತಿಯಿಂದ ಹೊರಬಿದ್ದವರಿಗೆ ಮನೆ, ಹೊಲ, ಕಸುಬು ಎಲ್ಲ ಹೋಗುತ್ತಿತ್ತು. ಅವರಿಗೆ ದುಡಿಮೆ ಕೊಡಬೇಕು ಅಂತಲೇ ಮಿಷನ್‌ನವರು ನೇಯ್ಗೆ ಶಾಲೆ ಕಟ್ಟಿದರು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮಂಗಳೂರು ಹೆಂಚಿನ ಹಿಂದೆ ಊಟಕ್ಕೆ ಸೇರಿಸದ ಜನರ ಕಥೆ ಇದೆ. ನಮ್ಮ ಸಭೆಯಲ್ಲಿರುವ ಅರ್ಧ ಮನೆತನಗಳು ಅಂಥ ಹೊರಗಿಟ್ಟವರ ಮೊಮ್ಮಕ್ಕಳು, ಮರಿಮಕ್ಕಳು.

ಊಟದ ಈ ಜಗಳ ಹಿಂದೆಯೂ ನಡೆದಿದೆ. ಬಾಸೆಲ್ ಇರುವ ಅದೇ ಸ್ವಿಟ್ಜರ್ಲೆಂಡಿನಲ್ಲಿ ಅನಾಬ್ಯಾಪ್ಟಿಸ್ಟರು ಅನ್ನುವ ಪಂಗಡವಿತ್ತು. ದೊಡ್ಡವರಾದ ಮೇಲೆ ನಂಬಿ ದೀಕ್ಷಾಸ್ನಾನ ತೆಗೆದುಕೊಳ್ಳಬೇಕು ಅಂದದ್ದಕ್ಕೆ 1527ರಲ್ಲಿ ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು ಜ್ಯೂರಿಕ್‌ನ ನದಿಯಲ್ಲಿ ಮುಳುಗಿಸಿ ಕೊಂದರು. ಅದೇ ಜನ 1693ರಲ್ಲಿ ಎರಡು ಹೋಳಾದರು. ಹೊರಗಿಟ್ಟವರ ಜೊತೆ ಉಣ್ಣಬಾರದು, ಮನೆಯವರಾದರೂ ಸರಿ ಅಂತ ಯಾಕೋಬ್ ಅಮ್ಮನ್. ಸಭೆಯ ರೊಟ್ಟಿ ಕೊಡಬೇಡಿ, ಮನೆಯ ಊಟದಿಂದ ದೂರ ಇಡಬೇಡಿ, ಯೇಸು ಪಾಪಿಗಳ ಜೊತೆ ಉಂಡವನು ಅಂತ ಹಾನ್ಸ್ ರೀಸ್ಟ್. ಅಮ್ಮನ್ ರೀಸ್ಟ್‌ನನ್ನೇ ಹೊರಗಿಟ್ಟ. ಅಮ್ಮನ್ ಹಿಂದೆ ಹೋದವರೇ ಇವತ್ತು ಅಮೆರಿಕದಲ್ಲಿ ಕುದುರೆ ಗಾಡಿಯಲ್ಲಿ ಓಡಾಡುವ ಆಮಿಶ್ ಜನ. ಇದನ್ನು ಓದಿದಾಗ ಮುನ್ನೂರು ವರ್ಷ ಹಿಂದಿನ ಆ ರೀಸ್ಟ್ ನನಗೆ ನಮ್ಮ ಪಕ್ಕದ ಮನೆಯವರಷ್ಟು ಹತ್ತಿರ ಅನ್ನಿಸಿದರು.

ಹೋದ ಮಳೆಗಾಲದಲ್ಲಿ ಒಂದು ದಿನ ಅವ್ವ ಹೊರಡುವಾಗ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಮಕ್ಕಳು ಒಳಗಿದ್ದರು. "ಆಯಿ ಬಗ್ಗೆ ನೀ ಹೇಳಿದ್ದು... ಎಲ್ಲಿ ಬರದದ?" ಅಂದಳು. ನಾನು ಕೊರಿಂಥದವರ ಮೊದಲನೆಯ ಪತ್ರಿಕೆ, 15ನೇ ಅಧ್ಯಾಯ, 22ನೇ ವಚನ ಅಂದೆ. ಆದಾಮನಲ್ಲಿ ಎಲ್ಲರೂ ಸತ್ತ ಹಾಗೆ ಕ್ರಿಸ್ತನಲ್ಲಿ ಎಲ್ಲರೂ ಜೀವ ಪಡೆಯುತ್ತಾರೆ ಅಂತ ಅಲ್ಲಿದೆ. "ಎಲ್ಲಾರೂ ಅಂತ ಅದ?" ಅಂದಳು. ಅದೇ ಅಂದೆ. ಮಾತ್ರೆ ಚೀಟಿಯ ಹಿಂದೆ ಅಂಕಿ ಬರೆಸಿಕೊಂಡಳು. ಇದನ್ನು ಹಿರಿಯರು ಬೇರೆ ರೀತಿ ಓದುತ್ತಾರೆ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು. ಆ ಬಗ್ಗೆ ಮತ್ತೆ ಮಾತಾಡಿಲ್ಲ.

ನಾನು ಈಗ ಹಳೆಯ ಮಿಷನ್ ಚರ್ಚಿಗೆ, ಈಗಿನ ಸಿಎಸ್‌ಐಗೆ (ಚರ್ಚ್ ಆಫ್ ಸೌತ್ ಇಂಡಿಯಾ) ಹೋಗುತ್ತೇನೆ. ಅಲ್ಲಿಯ ಪಾದ್ರಿ ಅಯ್ಯನವರು ಆಯಿಯ ವಿಷಯ ಕೇಳಿ, "ಅದನ್ನು ದೇವರಿಗೆ ಬಿಡೋಣಮ್ಮ" ಅಂದರು. ನನಗೆ ಅಷ್ಟು ಸಾಕಾಯಿತು. ಮುತ್ತಜ್ಜನ ಹೆಸರು ಅಲ್ಲಿಯ ಹಳೆಯ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಇದೆ.

ಹಿರಿಯರಿಗೆ ಒಂದು ಪತ್ರ ಬರೆದಿದ್ದೇನೆ, ರಿಜಿಸ್ಟರ್ಡ್ ಪೋಸ್ಟಿನಲ್ಲಿ. ನನ್ನನ್ನು ಮರಳಿ ಸೇರಿಸಿಕೊಳ್ಳಿ ಅಂತ ಕೇಳಿಲ್ಲ. ಸಭೆಗೆ ತನ್ನ ಬೋಧನೆ ಕಾಪಾಡಿಕೊಳ್ಳುವ ಹಕ್ಕಿದೆ, ನನಗೆ ರೊಟ್ಟಿ ಕೊಡದಿರುವ ಹಕ್ಕೂ ಇದೆ ಅಂತ ಒಪ್ಪಿಕೊಂಡೇ ಬರೆದಿದ್ದೇನೆ. ಯಾರ ಹೆಸರನ್ನಾದರೂ ಸಭೆಯಲ್ಲಿ ಓದುವುದಾದರೆ ಕಾರಣವನ್ನೂ ಓದಬೇಕು. ವಿಚಾರಣೆಯಲ್ಲಿ ಬರೆದುಕೊಂಡದ್ದನ್ನು ಆ ವ್ಯಕ್ತಿಗೆ ತೋರಿಸಬೇಕು. ಮತ್ತೆ, ತಾಯಿ-ಮಕ್ಕಳು, ಅಣ್ಣ-ತಂಗಿಯರು ಮನೆಯಲ್ಲಿ ಕೂಡಿ ಉಣ್ಣುವುದಕ್ಕೆ ಈ ಶಿಸ್ತು ಅನ್ವಯಿಸುವುದಿಲ್ಲ ಅಂತ ಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಸುಮ್ಮನಿದ್ದರೆ ಆಗುವುದಿಲ್ಲ. ಹೇಳದಿದ್ದರೆ ಅವ್ವನಂಥವರು ತಾವಾಗಿ ಉಣ್ಣುವುದಿಲ್ಲ.

ಪತ್ರ ತಲುಪಿದ ಸ್ವೀಕೃತಿ ಚೀಟಿ ಬಂದಿದೆ. ಉತ್ತರ ಬಂದಿಲ್ಲ. ದೀಪಾವಳಿ ರಜೆ ಮುಗಿದ ಮೇಲೆ ಇನ್ನೊಂದು ಬರೆಯುತ್ತೇನೆ. ಈ ಸಲ ಒಬ್ಬೊಬ್ಬ ಹಿರಿಯರ ಮನೆಗೂ ಬೇರೆ ಬೇರೆ ಪ್ರತಿ ಕಳಿಸುವ ಯೋಚನೆ ಇದೆ, ಅವರ ಹೆಂಡತಿಯರ ಹೆಸರಿಗೂ.